ಚೌಕಾಸಿರಾಯನ ಕೊಸರು

ಅಂಕಾಪುರದ ಅರಮನೆಗೂ ಆನ್‌ಲೈನ್ ವ್ಯಾಪಾರ ಬಂದ ಕಾಲ. ದೊರೆ ವೀರಮಲ್ಲನಿಗೆ ಕೊಸರೆಂದರೆ ಪ್ರಾಣ. ಒಂದು ಕಟ್ಟು ಸೊಪ್ಪು ಕೊಂಡರೂ ಮೇಲೊಂದು ಹಿಡಿ ಪುಕ್ಕಟೆ ಹಾಕಿಸಿಕೊಳ್ಳದೆ ಬಿಡುತ್ತಿರಲಿಲ್ಲ. ಅವನೇ ಕೂತು ಕಲಿಸಿ ಒಂದು ಯಂತ್ರ ಮಾಡಿಸಿದ. ಹೆಸರು ಚೌಕಾಸಿರಾಯ. ಮೊಬೈಲಿನೊಳಗೆ ಕೂತು ಬೆಲೆ ಇಳಿಸುತ್ತಿದ್ದುದೂ ಅದೇ, ಕರಾರಿಗೆ ರಾಜಮುದ್ರೆ ಒತ್ತುತ್ತಿದ್ದುದೂ ಅದೇ.

"ಇದನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ!" ಎಂದು ದೊರೆ ಮೀಸೆ ತಿರುವಿದ. "ಇದು ಒಪ್ಪಿದರೆ ನಾನೇ ಒಪ್ಪಿದ ಹಾಗೆ. ಕರಾರು ಮುರಿದವರು ಊರು ಬಿಡಬೇಕು!"

ಕುಂಬಾರ ಹೊನ್ನವ್ವ ಸೆರಗಿನಿಂದ ಕಣ್ಣೊರೆಸುತ್ತ ವಿದೂಷಕ ಸಿಂಗಣ್ಣನ ಬಳಿ ಬಂದಳು.

"ನೂರು ಗಡಿಗೆಗೆ ಇನ್ನೂರು ಗಡಿಗೆ ಕೊಸರಂತೆ ಸಿಂಗಣ್ಣ! ಕೇಳ್ತಾನೇ ಇತ್ತು ಅದು. ತಲೆ ಕೆಟ್ಟು ಹ್ಞೂಂ ಅಂದ್ಬಿಟ್ಟೆ. ಈಗ ಕೊಡಕ್ಕೆ ಎಲ್ಲಿಂದ ತರ್ಲಿ? ಊರು ಬಿಡೋದೊಂದೇ ದಾರಿ."

ಸಿಂಗಣ್ಣನಿಗೆ ಒಂದು ಉಪಾಯ ಹೊಳೆಯಿತು. ನಗು ತಡೆಯಲಾರದೆ ಮನೆಗೆ ಓಡಿದ. ಮೊಬೈಲಿನಲ್ಲೇ ಅಂಗಡಿ ತೆರೆದ. ಸರಕು ಒಂದೇ ಒಂದು ಕುಂಬಳಕಾಯಿ. ಚೌಕಾಸಿರಾಯ ತಕ್ಷಣ ಹಾಜರಾಯಿತು.

"ಬೆಲೆ ಇಳಿಸು."

"ಇಳಿಸಿದೆ."

"ಕೊಸರು?"

"ಒಂದು ನಿಂಬೆಹಣ್ಣು."

"ಇನ್ನೂ ಕೊಸರು?"

"ನಮ್ಮ ಸೋದರಮಾವ ರಂಗಪ್ಪ. ಈಗಷ್ಟೇ ನಾಗಸ್ವರ ಕಲಿಯುತ್ತಿದ್ದಾರೆ."

"ಇನ್ನೂ?"

"ಅವರ ಜೊತೆ ಕಲಿಯುವವರು ಹನ್ನೆರಡು ಜನ."

"ಇನ್ನೂ?"

"ದೊರೆಯ ಮಂಚದ ಪಕ್ಕದಲ್ಲೇ ನಿಂತು ದಿನವಿಡೀ ಪುಕ್ಕಟೆ ಊದುತ್ತಾರೆ!"

ಠಪ್! ರಾಜಮುದ್ರೆ ಬಿತ್ತು.

ಮರುದಿನ ಬೆಳಗ್ಗೆ ಅರಮನೆ ತುಂಬ ಪೀಂ, ಪೇಂ, ಪ್ಯಾಂ! ದೊರೆ ಎರಡೂ ಕಿವಿ ಮುಚ್ಚಿಕೊಂಡು ಬರಿಗಾಲಲ್ಲೇ ಅಂಗಳಕ್ಕೆ ಓಡಿ ಬಂದ.

"ಲೋ ಸಿಂಗಣ್ಣ, ನಿನ್ನ ಮಾವನನ್ನು ಕರೆದುಕೊಂಡು ಹೋಗೋ!"

"ಕರಾರಾಗಿದೆಯಲ್ಲ ಪ್ರಭು! ಮುರಿದವರು ಊರು ಬಿಡಬೇಕು. ನಾನು ಬಿಡಲೋ, ತಾವು ಬಿಡುತ್ತೀರೋ?"

ದೊರೆ ಬಾಯಿ ತೆರೆದ. ಒಳಗಿನಿಂದ ಮತ್ತೊಂದು ಪ್ಯಾಂ ಬಂತು.

"ಆ ಆಜ್ಞೆಯನ್ನೇ ರದ್ದು ಮಾಡಿಬಿಡಿ. ತಾವೂ ಉಳಿಯುತ್ತೀರಿ, ಹೊನ್ನವ್ವನೂ ಉಳಿಯುತ್ತಾಳೆ."

"ರದ್ದು! ಕರಾರೆಲ್ಲ ರದ್ದು! ಅವಳ ಗಡಿಗೆಗೆ ಅವಳು ಹೇಳಿದ್ದೇ ಬೆಲೆ! ಮೊದಲು ಆ ಊದುವುದನ್ನು ನಿಲ್ಲಿಸು!"

ಊದುವುದು ನಿಂತಿತು. ಬಾಗಿಲಲ್ಲಿ ನಿಂತಿದ್ದ ಹೊನ್ನವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ದೊರೆ ಉಸಿರುಬಿಟ್ಟು ಮೆಟ್ಟಿಲ ಮೇಲೆ ಕೂತ.

"ಅಲ್ಲಯ್ಯಾ, ಮನುಷ್ಯರನ್ನು ಯಾರಾದರೂ ಕೊಸರು ಕೊಡುತ್ತಾರೇನೋ?"

"ಸಂತೆಯಲ್ಲಾದರೆ ಕೊಳ್ಳುವವರು ಎರಡು ಸಲ ಕೇಳಿ ನಾಚಿಕೆಯಾಗಿ ಸುಮ್ಮನಾಗುತ್ತಾರೆ ಪ್ರಭು. ಈ ಚೌಕಾಸಿರಾಯನಿಗೆ ನಾಚಿಕೆಯೇ ಇಲ್ಲ."

"ಹಾಗಾದರೆ ಅದನ್ನೂ ಕಲಿಸಿದರಾಯಿತು!"

"ಕಲಿಸಬಹುದು. ಆದರೆ ಮೊದಲು ಗುರುಗಳಿಗೆ ಬರಬೇಕಲ್ಲ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊರಳ ಮುತ್ತಿನ ಹಾರ ತೆಗೆದು ಸಿಂಗಣ್ಣನಿಗೆ ಹಾಕಿದ.