ಸಪ್ಪೆ ಹಾಲಿನ ಟಗರು

ಸೋಯಾ ಬೆಳೆಯುವ ಸೀಮೆಯಲ್ಲಿ ಸಿಡಿಲ ಎಂಬ ಟಗರಿತ್ತು. ಅದು ಗುಟುರು ಹಾಕಿದರೆ ಸುತ್ತೂರಿನ ಗಡಿಗೆಗಳೆಲ್ಲ ಬಿರುಕು ಬಿಡುತ್ತಿದ್ದವು. ಸುಳ್ಳೆನ್ನುವವರು ಆ ಗಡಿಗೆಗಳನ್ನೇ ಕೇಳಲಿ. ಒಡೆಯ ಭರಮಪ್ಪ ಅದರ ಸೋಯಾ ಹಾಲಿಗೆ ಕಾಳು ಹಿಡಿಯಷ್ಟು, ಬೆಲ್ಲ ಬೊಗಸೆಯಷ್ಟು ಹಾಕಿ ಕುಡಿಸುತ್ತಿದ್ದ. ಸಿಡಿಲ ಕುಂಬಳಕಾಯಿಯಂತೆ ಉಬ್ಬಿತ್ತು.

ಕಾಳಗದ ದಿನ ಎದುರಿಗೆ ಬಂದದ್ದು ನಿಂಗವ್ವನ ಸಣಕಲು ಟಗರು ಗಿಡ್ಡ. ಬೆನ್ನು ತೋರಿಸಿದ ಟಗರು ಅಂದೇ ಕಟುಕನ ಪಾಲು ಎಂಬುದು ಆ ಕಣದ ಕಟ್ಟಳೆ.

“ಏನೋ ತಮ್ಮಾ, ನಿಂಗವ್ವ ನಿನಗೆ ಸಪ್ಪೆ ಸೋಯಾ ಹಾಲು ಕುಡಿಸುತ್ತಾಳಂತೆ? ಬೆಲ್ಲಕ್ಕೂ ಗತಿಯಿಲ್ಲವೇ?” ಎಂದಿತು ಸಿಡಿಲ.

“ರುಚಿಯ ಮಾತು ಆಮೇಲಾಡೋಣ ಅಣ್ಣಾ. ಮೊದಲು ತಲೆ ತಗ್ಗಿಸು,” ಎಂದಿತು ಗಿಡ್ಡ.

ಮೊದಲ ಡಿಕ್ಕಿಗೆ ಆಲದ ಮರದ ಗಿಳಿಗಳು ನೆಲಕ್ಕುದುರಿದವು. ಗುದ್ದಿದ್ದು ಟಗರಿಗೋ ಬಂಡೆಗೋ ಎಂದು ಸಿಡಿಲನಿಗೆ ತಿಳಿಯಲಿಲ್ಲ. ಮತ್ತೊಂದು ಡಿಕ್ಕಿಗೆ ಉಸಿರು ಗಂಟಲಿಗೆ ಬಂತು, ಮಗದೊಂದಕ್ಕೆ ಅದು ಮಾರುದ್ದ ಹಿಂದಕ್ಕೆ ಜಾರಿತು. ಕಟುಕ ಕಣದಂಚಿಗೆ ಸರಿದು ಕೂತ.

“ಲೇ, ನಿಜ ಹೇಳು,” ಸಿಡಿಲ ಏದುಸಿರಿನಲ್ಲಿ ಕೇಳಿತು, “ಆ ಹಾಲಿಗೆ ಅವಳು ಏನು ಬೆರೆಸುತ್ತಾಳೆ?”

“ಏನೂ ಇಲ್ಲ. ಬೆಲ್ಲದ ಜಾಗದಲ್ಲೂ ಕಾಳನ್ನೇ ಅರೆದು, ಸೋಸಿ, ಕುದಿಸುತ್ತಾಳೆ,” ಎನ್ನುತ್ತ ಗಿಡ್ಡ ಓಡಿಬರಲು ಹಿಂದೆ ಸರಿಯಿತು.

ಸಿಡಿಲನ ಕಾಲು ನೆಲ ಬಿಟ್ಟು ಏಳಲಿಲ್ಲ. ಗಾಬರಿಯಾದ ಭರಮಪ್ಪ ಜೇಬಿನಿಂದ ಬೆಲ್ಲದ ಅಚ್ಚು ತೆಗೆದು ಅದರ ಬಾಯಿಗೆ ತುರುಕಿದ. “ನುಗ್ಗು ಮಗನೇ, ನುಗ್ಗು!”

ಬೆಲ್ಲ ನಾಲಿಗೆಯ ಮೇಲೆ ಸಿಹಿಯಾಗಿ ಕರಗಿತು. ಎದುರಿನಿಂದ ಗಿಡ್ಡ ಓಡಿಬರುತ್ತಿತ್ತು. ಬೆಲ್ಲ ಚೀಪುತ್ತಲೇ ಸಿಡಿಲ ಬೆನ್ನು ತಿರುಗಿಸಿತು.