ಚಿಕ್ಕತಾಯಿಯ ಬೈಕಿನ ಹಳದಿ ಮಿಣುಕು

ಹೂಂ ಅಂತೀರಾ? ಜೋರಾಗಿ ಬೇಡ, ಮೆಲ್ಲಗೆ ಅನ್ನಿ. ಇದು ಮಂಜಿನ ಕತೆ. ಜೋರಾಗಿ ಅಂದ್ರೆ ಮಂಜಿಗೂ ಕೇಳಿಸಿಬಿಡುತ್ತೆ.

ಒಂದು ಗುಡ್ಡ. ಗುಡ್ಡದ ಮೇಲೊಂದು ಸ್ಕೂಲು. ಸ್ಕೂಲಿಂದ ಇಳಿದು ಇಳಿದು ಬಂದರೆ ದಾರಿ ಕವಲಾಗುತ್ತೆ. ಎಡಕ್ಕೆ ಹೋದರೆ ಊರು. ಬಲಕ್ಕೆ ಹೋದರೆ ಕೊಳ್ಳ. ಆ ಕೊಳ್ಳಕ್ಕೆ ತಳ ಇದೆಯೋ ಇಲ್ಲವೋ, ಹೋಗಿ ನೋಡಿ ಬಂದು ಹೇಳಿದವರು ಯಾರೂ ಇಲ್ಲ.

ಆ ಕವಲಲ್ಲಿ ದಿನಾ ಸಂಜೆ ಚಿಕ್ಕತಾಯಿ ನಿಂತಿರ್ತಾಳೆ. ಬೈಕಲ್ಲಿ ಮೂಟೆ ಕಟ್ಕೊಂಡು ಕಡ್ಲೆಪುರಿ ಮಾರ್ತಾಳಲ್ಲ, ಅದೇ ಚಿಕ್ಕತಾಯಿ. ಮಗಳು ಚೆಲುವಿ ಸ್ಕೂಲಿಂದ ಒಬ್ಬಳೇ ಇಳಿದು ಬರಬೇಕು. ಅದಕ್ಕೆ ಅವ್ವ ಬೈಕಿನ ಎಡಗಡೆ ಇಂಡಿಕೇಟರ್ ಹಾಕಿ ಕಾಯ್ತಾಳೆ. ಟಿಕ್, ಮಿಣುಕ್. ಟಿಕ್, ಮಿಣುಕ್. ಆ ಮಿಣುಕು ನೋಡ್ಕೊಂಡು ಚೆಲುವಿ ಎಡಕ್ಕೆ ಬರ್ತಾಳೆ.

ಕೂಗಿ ಕರೆದರೆ ಆಗಲ್ವಾ ಅಂತೀರಾ? ಆಗಲ್ಲ. ಆ ಮಂಜಲ್ಲಿ ಕೂಗು ನಾಲ್ಕೂ ಕಡೆಯಿಂದ ಕೇಳುತ್ತೆ. ದೊಡ್ಡ ಲೈಟು ಹಾಕಿದರೆ ಮಂಜು ಬೆಳ್ಳನೆ ಗೋಡೆಯಾಗಿ ನಿಲ್ಲುತ್ತೆ. ಹಳದಿ ಮಿಣುಕೊಂದೇ ಮಂಜನ್ನ ದಾಟೋದು.

ಒಂದು ಸಂಜೆ ಎಂಥಾ ಚಳಿ ಅಂತೀರಿ. ಹಲ್ಲು ಕಟಕಟ, ಕೈ ಗಡಗಡ. ಚಿಕ್ಕತಾಯಿ ಇಂಡಿಕೇಟರ್ ಹಾಕಿದಳು. ಟಿಕ್ ಇಲ್ಲ. ಮಿಣುಕ್ ಇಲ್ಲ. ಮಿಣುಕು ಕಳೆದೇ ಹೋಗಿತ್ತು.

ಮೇಲಿಂದ ಚೆಲುವಿ ಕೇಳಿದಳು. "ಅವ್ವಾ, ಯಾವ ಕಡೆ?"

ಬಲಗಡೆಯಿಂದ ಮಂಜು ಅಂತು, "ಇತ್ತ ಬಾ ಮಗಾ, ಇತ್ತ ಬಾ." ಥೇಟ್ ಅವ್ವನ ದನಿ.

ಆ ಮಾತು ಚಿಕ್ಕತಾಯಿ ಆಡಿರಲಿಲ್ಲ.

ಓಡಿ ಇಂಡಿಕೇಟರಿನ ದೀಪವನ್ನ ಕೇಳಿದಳು. "ದೀಪವೇ ದೀಪವೇ, ಯಾಕೆ ಮಿಣುಕಲ್ಲ? ನೀ ಮಿಣುಕದೆ ಚೆಲುವಿ ಬರಲ್ಲ."

ದೀಪ ಅಂತು, "ತಂತಿ ಕರೆಂಟು ತರಲಿಲ್ಲ. ನಾನ್ಯಾಕೆ ಮಿಣುಕಲಿ?"

"ಅವ್ವಾ, ಯಾವ ಕಡೆ?"

"ಇತ್ತ ಬಾ ಮಗಾ, ಇತ್ತ ಬಾ."

ತಪ್, ತಪ್. ಹೆಜ್ಜೆ ಸದ್ದು ಇಳೀತಾ ಇದೆ.

ಚಿಕ್ಕತಾಯಿ ತಂತಿಯನ್ನ ಕೇಳಿದಳು. "ತಂತಿಯೇ ತಂತಿಯೇ, ಯಾಕೆ ತರಲ್ಲ? ನೀ ತರದೆ ದೀಪ ಮಿಣುಕಲ್ಲ. ದೀಪ ಮಿಣುಕದೆ ಚೆಲುವಿ ಬರಲ್ಲ."

ತಂತಿ ಅಂತು, "ಡಬ್ಬಿ ಟಿಕ್ ಅನ್ನಲಿಲ್ಲ. ನಾನ್ಯಾಕೆ ತರಲಿ?"

ಸೀಟಿನ ಕೆಳಗೆ ಒಂದು ಪುಟ್ಟ ಕರಿ ಡಬ್ಬಿ ಇರುತ್ತೆ. ಟಿಕ್ ಟಿಕ್ ಅನ್ನೋದು ಅದೇನೇ. ಚಿಕ್ಕತಾಯಿ ಅದನ್ನ ಕೇಳಿದಳು. "ಡಬ್ಬಿಯೇ ಡಬ್ಬಿಯೇ, ಯಾಕೆ ಟಿಕ್ ಅನ್ನಲ್ಲ? ನೀ ಟಿಕ್ ಅನ್ನದೆ ತಂತಿ ತರಲ್ಲ. ತಂತಿ ತರದೆ ದೀಪ ಮಿಣುಕಲ್ಲ. ದೀಪ ಮಿಣುಕದೆ ಚೆಲುವಿ ಬರಲ್ಲ."

ಡಬ್ಬಿ ಅಂತು, "ಬ್ಯಾಟರಿ ಏಳಲಿಲ್ಲ. ನಾನ್ಯಾಕೆ ಟಿಕ್ ಅನ್ನಲಿ?"

"ಅವ್ವಾ, ಯಾವ ಕಡೆ?"

"ಇತ್ತ ಬಾ ಮಗಾ, ಇತ್ತ ಬಾ."

ತಪ್, ತಪ್. ಹೆಜ್ಜೆ ಸದ್ದು ಬಲಕ್ಕೆ ವಾಲ್ತಾ ಇದೆ.

ಚಿಕ್ಕತಾಯಿ ಬ್ಯಾಟರಿಯನ್ನ ಕೇಳಿದಳು. "ಬ್ಯಾಟರಿಯೇ ಬ್ಯಾಟರಿಯೇ, ಯಾಕೆ ಏಳಲ್ಲ? ನೀ ಏಳದೆ ಡಬ್ಬಿ ಟಿಕ್ ಅನ್ನಲ್ಲ. ಡಬ್ಬಿ ಟಿಕ್ ಅನ್ನದೆ ತಂತಿ ತರಲ್ಲ. ತಂತಿ ತರದೆ ದೀಪ ಮಿಣುಕಲ್ಲ. ದೀಪ ಮಿಣುಕದೆ ಚೆಲುವಿ ಬರಲ್ಲ."

ಬ್ಯಾಟರಿ ಅಂತು, "ಮೈಯೆಲ್ಲ ಮರಗಟ್ಟಿದೆ ಕಣವ್ವ. ಕೆಂಡದ ಕಾವು ಬೇಕು. ಕಾವಿಲ್ಲದೆ ನಾನ್ಯಾಕೆ ಏಳಲಿ?"

ಕವಲಿನ ಪಕ್ಕದಲ್ಲೇ ನಂಜಜ್ಜಿಯ ಮನೆ. ಚಿಕ್ಕತಾಯಿ ಬಾಗಿಲಲ್ಲಿ ಬಗ್ಗಿ ಒಲೆಯ ಕೆಂಡವನ್ನ ಕೇಳಿದಳು. "ಕೆಂಡವೇ ಕೆಂಡವೇ, ಬರ್ತೀಯಾ? ನೀ ಬರದೆ ಬ್ಯಾಟರಿ ಏಳಲ್ಲ. ಬ್ಯಾಟರಿ ಏಳದೆ ಡಬ್ಬಿ ಟಿಕ್ ಅನ್ನಲ್ಲ. ಡಬ್ಬಿ ಟಿಕ್ ಅನ್ನದೆ ತಂತಿ ತರಲ್ಲ. ತಂತಿ ತರದೆ ದೀಪ ಮಿಣುಕಲ್ಲ. ದೀಪ ಮಿಣುಕದೆ ಚೆಲುವಿ ಬರಲ್ಲ."

ಕೆಂಡ ಅಂತು, "ಅಜ್ಜಿ ಬಿಡಲಿಲ್ಲ. ನಾನ್ಯಾಕೆ ಬರಲಿ?"

"ಅವ್ವಾ, ಯಾವ ಕಡೆ?"

"ಇತ್ತ ಬಾ ಮಗಾ, ಇತ್ತ ಬಾ."

ತಪ್, ತಪ್. ಹೆಜ್ಜೆ ಸದ್ದು ಬಲಕ್ಕೇ ಹೋಗ್ತಾ ಇದೆ.

ಚಿಕ್ಕತಾಯಿ ಅಜ್ಜಿಯನ್ನ ಕೇಳಿದಳು. "ಅಜ್ಜೀ ಅಜ್ಜೀ, ಕೆಂಡ ಕೊಡ್ತೀಯಾ? ನೀ ಬಿಡದೆ ಕೆಂಡ ಬರಲ್ಲ. ಕೆಂಡ ಬರದೆ ಬ್ಯಾಟರಿ ಏಳಲ್ಲ. ಬ್ಯಾಟರಿ ಏಳದೆ ಡಬ್ಬಿ ಟಿಕ್ ಅನ್ನಲ್ಲ. ಡಬ್ಬಿ ಟಿಕ್ ಅನ್ನದೆ ತಂತಿ ತರಲ್ಲ. ತಂತಿ ತರದೆ ದೀಪ ಮಿಣುಕಲ್ಲ. ದೀಪ ಮಿಣುಕದೆ ಚೆಲುವಿ ಬರಲ್ಲ."

ನಂಜಜ್ಜಿ ತಲೆ ಆಡಿಸಿದಳು. "ಮುಚ್ಚಂಜೆ ಹೊತ್ತು ಕಣವ್ವ. ದೀಪ ಹಚ್ಚೋ ಹೊತ್ತಲ್ಲಿ ಮನೆ ಬೆಂಕಿ ಹೊಸಿಲು ದಾಟಬಾರದು. ನಮ್ಮತ್ತೆ ಕೊಟ್ಟವರಲ್ಲ. ಅವರತ್ತೆ ಕೊಟ್ಟವರಲ್ಲ. ನಾನೂ ಕೊಡಲ್ಲ."

ಚಿಕ್ಕತಾಯಿ ಹೊಸಿಲ ಹೊರಗೆ ನಿಂತು ಅತ್ತಳು. ಗೊಳೋ ಅಂತ ಅತ್ತಳು. ಹೊರಗೆ ಮಂಜು ಕೂಡ ಅವಳಂಗೇ ಅತ್ತಿತು.

ತಪ್, ತಪ್. ಹೆಜ್ಜೆ ಸದ್ದು ಕೊಳ್ಳದ ಹತ್ತಿರ.

ಚಿಕ್ಕತಾಯಿ ಹೊಸಿಲು ನೋಡಿದಳು. ಕಣ್ಣೊರೆಸ್ಕೊಂಡಳು. "ಅಜ್ಜೀ, ಬೆಂಕಿ ಹೊರಗೆ ಬರೋದು ಬೇಡ. ನನ್ನ ಬೈಕು ಒಳಗೆ ಬರಬಹುದಾ?"

ಅಜ್ಜಿ ಯೋಚನೆ ಮಾಡಿದಳು. "ಒಳಗೆ ಬರೋದನ್ನ ಬೇಡ ಅನ್ನು ಅಂತ ನಮ್ಮತ್ತೆ ಹೇಳಿಲ್ಲ. ಬಾ. ಬಲಗಾಲಿಟ್ಟು ಬಾ ಅನ್ನೋಣ ಅಂದ್ರೆ ಇದಕ್ಕೆ ಕಾಲೇ ಇಲ್ಲ. ಮುಂದಿನ ಚಕ್ರ ಇಟ್ಟು ಬರಲಿ."

ಚಿಕ್ಕತಾಯಿ ಮುಂದೆ ಎಳೆದಳು. ಅಜ್ಜಿ ಹಿಂದೆ ನೂಕಿದಳು. ಬೈಕು ಹೊಸಿಲು ದಾಟಿತು. ಒಲೆ ಪಕ್ಕ ನಿಂತಿತು. ಒಲೆ ಒಳಗಲ್ಲ, ಪಕ್ಕ.

ಅಜ್ಜಿ ಬಿಟ್ಟಳು. ಕೆಂಡ ಕಾವು ಕೊಟ್ಟಿತು. ಬ್ಯಾಟರಿ ಮೈ ಮುರಿದು ಎದ್ದಿತು. ಚಿಕ್ಕತಾಯಿ ಬೈಕನ್ನ ದಡದಡ ಕವಲಿಗೆ ನೂಕಿದಳು. ಎಡಗಡೆ ಇಂಡಿಕೇಟರ್ ಹಾಕಿದಳು. ಡಬ್ಬಿ ಟಿಕ್ ಅಂತು. ತಂತಿ ಕರೆಂಟು ತಂತು. ದೀಪ ಮಿಣುಕಿತು.

ಟಿಕ್, ಮಿಣುಕ್. ಟಿಕ್, ಮಿಣುಕ್.

ಹೆಜ್ಜೆ ಸದ್ದು ನಿಂತಿತು.

"ಇತ್ತ ಬಾ ಮಗಾ," ಅಂತು ಮಂಜು. "ಇತ್ತ ಬಾ. ಬಾ."

ಟಿಕ್, ಮಿಣುಕ್.

ತಪ್, ತಪ್, ತಪ್, ತಪ್. ಹೆಜ್ಜೆ ಎಡಕ್ಕೆ ಓಡಿ ಬಂತು. ಮಂಜಿಂದ ಚೆಲುವಿ ಬಂದಳು. ಹೆಗಲಲ್ಲಿ ಬ್ಯಾಗು, ಕಾಲಲ್ಲಿ ಚಪ್ಪಲಿ, ಎಲ್ಲ ಸರಿಯಾಗಿತ್ತು. ಬಲಗೈ ಮಾತ್ರ ತಣ್ಣಗೆ ಕೊರೀತಿತ್ತು, ಒದ್ದೆಯಾಗಿತ್ತು.

"ಅವ್ವಾ," ಅಂದಳು ಚೆಲುವಿ, "ಅಲ್ಲೀವರೆಗೂ ನೀ ನನ್ನ ಕೈ ಹಿಡ್ಕೊಂಡೇ ಬಂದೆ. ಮಿಣುಕು ಬಂದ ಕೂಡಲೆ ಯಾಕೆ ಬಿಟ್ಟುಬಿಟ್ಟೆ?"

ಚಿಕ್ಕತಾಯಿ ಆ ತಣ್ಣನೆ ಕೈಯನ್ನ ತನ್ನ ಎರಡೂ ಕೈಯಲ್ಲಿ ಮುಚ್ಕೊಂಡಳು. ಹಾ ಅಂತ ಉಸಿರು ಬಿಟ್ಟು ಬೆಚ್ಚಗೆ ಮಾಡಿದಳು.

"ಇನ್ನು ಬಿಡಲ್ಲ ಕಣ್ ಮಗಾ," ಅಂದಳು.

ಅವರು ಎಡಕ್ಕೆ ತಿರುಗಿ ಊರಿಗೆ ಹೋದರು. ಕತೆ ಆಯ್ತು. ಯಾರಾದ್ರೂ ಎದ್ದು ಬಾಗಿಲು ಹಾಕಿ ಬನ್ನಿ.