ಹಿಂದಿನ ಸೀಟಿನ ಹೊಲಿಗೆ

ಬನ್ನಿ, ಚಾಪೆ ಮೇಲೆ ಸರಿಯಾಗಿ ಕೂತ್ಕೊಳ್ಳಿ. ಗೋಡೆಗೆ ಒರಗೋರು ಒರಗಿ, ಕಾಲು ಚಾಚೋರು ಚಾಚಿ. ನಡುವೆ ಮಾತ್ರ ಎದ್ದು ಹೋಗಬೇಡಿ. ಕಥೆ ಚಿಕ್ಕದೇ.

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಹೆಂಚಿನ ಕೋಣೆ, ಮುಂದೊಂದು ಹೊಂಗೆ ಮರ, ಅಷ್ಟೇ. ಅಲ್ಲಿ ಕೇಶವಯ್ಯ ಅಂತ ಒಬ್ಬ ಗುರುಗಳು. ಎಂಬತ್ತು ದಾಟಿದ ಜೀವ. ಮಾತು ಕಡಿಮೆ, ನಗು ಜಾಸ್ತಿ.

ಅವರ ಶಿಷ್ಯ ಏಕನಾಥ, ಪೇಟೆಯಲ್ಲಿ ದರ್ಜಿ. ಅವನ ಕೈ ಎಂಥದ್ದು ಅಂದರೆ, ಹರಿದ ಬಟ್ಟೆ ಹೊಲಿದುಕೊಟ್ಟರೆ ಎಲ್ಲಿ ಹರಿದಿತ್ತು ಅಂತ ತೊಟ್ಟವರೇ ಹುಡುಕಬೇಕು.

ಭಾನುವಾರ ಬೆಳಿಗ್ಗೆ ಆಶ್ರಮದಲ್ಲಿ ಭಜನೆ. ಏಕನಾಥ ಮನೆಮಂದಿಯನ್ನೆಲ್ಲ ಒಂದೇ ಬೈಕಿನ ಮೇಲೆ ಹೇರಿಕೊಂಡು ಬರುತ್ತಿದ್ದ. ಮುಂದೆ ಟ್ಯಾಂಕಿನ ಮೇಲೆ ಐದು ವರ್ಷದ ಸೋಪಾನ. ಅಪ್ಪನ ಬೆನ್ನಿಗೆ ಅಂಟಿಕೊಂಡು ಎಂಟು ವರ್ಷದ ಮುಕ್ತಾ. ಅವಳ ಹಿಂದೆ ಹೆಂಡತಿ ರುಕ್ಮಿಣಿ, ರುಕ್ಮಿಣಿಯ ಮಡಿಲಲ್ಲಿ ಹಾಲುಗೂಸು ಜನಿ.

ಹಾಗೆ ಬರುವಾಗ ಒಂದು ವಾರ ಮುಕ್ತಾಳ ಹಿಮ್ಮಡಿ ಚಕ್ರದ ಕಡ್ಡಿಗೆ ಸಿಕ್ಕಿತು. ಐದು ಹೊಲಿಗೆ ಬಿತ್ತು. ಊರಿಗೆಲ್ಲ ಹೊಲಿಯುವ ಅಪ್ಪ, ಮಗಳ ಕಾಲಿಗೆ ಡಾಕ್ಟರು ಹೊಲಿಯುವಾಗ ಗೋಡೆ ಕಡೆ ತಿರುಗಿ ನಿಂತುಬಿಟ್ಟ.

ಗಾಯ ಮಾಯಿತು. ಆದರೆ ಆಮೇಲಿನ ಭಾನುವಾರಗಳಲ್ಲಿ ಮುಕ್ತಾ ಬರಲಿಲ್ಲ.

“ಮುಕ್ತಾ ಎಲ್ಲಿ?” ಅಂದರು ಗುರುಗಳು.

“ಬರಲ್ಲ ಅಂದಳು ಗುರುಗಳೇ. ಓದೋದಿದೆಯಂತೆ.”

“ಹೋದ ವಾರ?”

“ಹೋದ ವಾರಾನೂ ಓದೋದಿತ್ತಂತೆ.”

“ಎರಡನೇ ಕ್ಲಾಸಿಗೆ ಅಷ್ಟೊಂದು ಓದು ಇರುತ್ತಾ?”

ರುಕ್ಮಿಣಿಗೆ ತಡೆಯಲಾಗಲಿಲ್ಲ.

“ಓದೂ ಇಲ್ಲ, ಏನೂ ಇಲ್ಲ ಗುರುಗಳೇ. ಎಲ್ಲರೂ ಹತ್ತಿದರೆ ಜಾಗ ಸಾಲಲ್ಲ ಅಂತ ಅವಳಿಗೆ ಗೊತ್ತಾಗಿಬಿಟ್ಟಿದೆ. ತಮ್ಮ, ತಂಗಿ ಹೋಗಲಿ ಅಂತ ತಾನೇ ಹಿಂದುಳೀತಾಳೆ. ನಾವು ಹೊರಟಾಗ ಬಾಗಿಲಲ್ಲಿ ನಿಂತು ನಗ್ತಾ ಟಾಟಾ ಮಾಡ್ತಾಳೆ. ಆ ನಗು ನನ್ನ ಕೈಲಿ ನೋಡಕ್ಕಾಗಲ್ಲ.”

ಆವತ್ತು ಗುರುಗಳು ಭಜನೆ ಹೇಳಿಸಲಿಲ್ಲ. ತಾಳವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟುಬಿಟ್ಟರು.

ಮನೆಗೆ ಹೋದವನೇ ಏಕನಾಥ ನಿಶ್ಚಯ ಮಾಡಿದ. ಅಂಗಡಿಗೆ ಹೊಸ ಮಿಷನ್ನು ತರಬೇಕು ಅಂತ ಕೂಡಿಟ್ಟಿದ್ದ ದುಡ್ಡಿತ್ತು. ಮಿಷನ್ನು ಹಾಳಾಗಿ ಹೋಗಲಿ, ಒಂದು ಹಳೇ ಕಾರು ತಗೊಳ್ಳೋದೇ ಸರಿ. ಮದುವೆಗೆ ಮುಂಚೆ ಬಟ್ಟೆ ಸಾಹುಕಾರರ ಟೆಂಪೋ ಓಡಿಸಿದವನು, ಡ್ರೈವಿಂಗ್ ಹೇಗೂ ಬರುತ್ತಿತ್ತು.

“ಯಾವ ಗಾಡಿ ತಗೊಳ್ಳಲಿ ಗುರುಗಳೇ?” ಅಂತ ಆಶ್ರಮಕ್ಕೆ ಬಂದು ಕೇಳಿದ.

“ನನಗೆ ಎತ್ತಿನ ಗಾಡೀನೇ ಹೊಡೆಯಕ್ಕೆ ಬರಲ್ಲ ಕಣಪ್ಪ. ನೀನು ನೋಡ್ಕೊಂಡು ಬಾ. ಏನು ನೋಡ್ದೆ ಅಂತ ನಾನು ಕೇಳ್ತೀನಿ.”

ಬೈಪಾಸಿನ ಹತ್ತಿರ ಜಯಣ್ಣ ಅನ್ನೋನು ಹಳೇ ಗಾಡಿಗಳನ್ನು ಮಾರುತ್ತಿದ್ದ. ಏಕನಾಥ ಅಲ್ಲಿಗೆ ಹೋದ. ಹೋದವನು ಸಂಜೆಗೆ ಮುಖ ಅರಳಿಸಿಕೊಂಡು ಆಶ್ರಮಕ್ಕೆ ಬಂದ.

“ಸಿಕ್ತು ಗುರುಗಳೇ! ಕೆಂಪು ಬಣ್ಣ. ಅಡ್ವಾನ್ಸೂ ಕೊಟ್ಟೆ.”

“ಏನು ನೋಡಿ ಕೊಟ್ಟೆ?”

“ಸೀಟಿನ ಕವರು ನೋಡಬೇಕಿತ್ತು ನೀವು! ಎರಡೆಳೆ ಹೊಲಿಗೆ. ಅಂಚಿಗೆಲ್ಲ ಪೈಪಿಂಗು. ಒಂದು ನೂಲು ಆಚೀಚೆ ಹೋಗಿಲ್ಲ. ಯಾರು ಹೊಲಿದರೋ, ಅವರ ಕೈ ಮುಟ್ಟಿ ನಮಸ್ಕಾರ ಮಾಡಬೇಕು.”

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಚೆನ್ನಾಗಿದೆ. ಹುಡುಗಿ ನೋಡಕ್ಕೆ ಹೋದೋನು ಸೀರೆ ಒಪ್ಪಿಕೊಂಡು ಬಂದ. ಎಲ್ಲಿ ಕೂತು ನೋಡ್ದೆ ಗಾಡೀನ?”

“ಸ್ಟೀರಿಂಗ್ ಮುಂದೆ ಗುರುಗಳೇ.”

“ಮುಕ್ತಾ ಎಲ್ಲಿ ಕೂರ್ತಾಳೆ?”

“ಹಿಂದೆ.”

“ಹಾಗಾದರೆ ಹೋಗು. ಮುಕ್ತಾ ಆಗಿ ಕೂತು ಬಾ.”

ಏಕನಾಥನಿಗೆ ಇದೇನೋ ವೇದಾಂತ ಅನ್ನಿಸಿತು. ಆದರೂ ಮಾರನೇ ದಿನ ಹೋದ. ಹಿಂದಿನ ಸೀಟಿಗೆ ಹತ್ತಿ, ಎಂಟು ವರ್ಷದ ಹುಡುಗಿಯ ಎತ್ತರಕ್ಕೆ ಬರಲಿ ಅಂತ ಸೊಂಟ ಕುಗ್ಗಿಸಿ, ಕುತ್ತಿಗೆ ಒಳಗೆಳೆದುಕೊಂಡು ಕೂತ.

ಜಯಣ್ಣ ಕಿಟಕಿಯಲ್ಲಿ ಇಣುಕಿದ. “ಏನಣ್ಣ, ಗಾಡಿ ತಗೋತೀಯೋ, ಮೊಟ್ಟೆಗೆ ಕಾವು ಕೊಡ್ತಾ ಕೂತಿದೀಯೋ?”

“ನನ್ನ ಮಗಳಾಗಿ ಕೂತಿದ್ದೀನಿ.”

“ಸರಿ ತಾಯಿ, ಕೂತ್ಕೋ.”

ಕೂತ. ಕೂತು ಬೆಲ್ಟಿಗೆ ಕೈ ಚಾಚಿದ. ಬೆಲ್ಟಿಲ್ಲ. ಆ ಕಡೆ ನೋಡಿದ, ಈ ಕಡೆ ನೋಡಿದ. ಬೆಲ್ಟಿನ ಮೇಲೇ ಕವರು ಹೊಲಿದುಬಿಟ್ಟಿದ್ದಾರೆ! ಮೂಗು ಸೀಟಿಗೆ ಹತ್ತಿರವಾದಾಗ ಒಂದು ವಾಸನೆಯೂ ಬಂತು, ಒಣಗದ ಗೋಣಿಚೀಲದ ವಾಸನೆ. ಬಗ್ಗಿ ಸೀಟಿನ ಅಡಿ ನೋಡಿದ. ಅಲ್ಲೊಂದು ಗೇಣು ಹೊಲಿಗೆ ಬೇರೆ ನೂಲಿನದು. ಮಿಷನ್ ಹೊಲಿಗೆಯಲ್ಲ, ಕೈಹೊಲಿಗೆ. ದರ್ಜಿಯ ಕಣ್ಣು ಅಲ್ಲೇ ನಿಂತಿತು.

“ಜಯಣ್ಣ, ಇದೊಂದು ಗೇಣು ಬಿಚ್ಚಿ ನೋಡ್ತೀನಿ. ಆಮೇಲೆ ನಾನೇ ಹೊಲಿದುಕೊಡ್ತೀನಿ, ಮಾತು.”

ಜೇಬಿನಲ್ಲಿದ್ದ ಪುಟ್ಟ ಕತ್ತರಿ ತೆಗೆದು ಬಿಚ್ಚಿದ. ಒಳಗೆ ಸ್ಪಂಜಿನ ತುಂಬ ಹೊಳೆಯ ಮೆಕ್ಕಲು ಮಣ್ಣು. ಬೆಲ್ಟಿನ ಬುಡದ ಕಬ್ಬಿಣ ತುಕ್ಕು ತಿಂದು ಹಪ್ಪಳವಾಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಗಾಡಿ ಯಾವುದೋ ನೆರೆಯಲ್ಲಿ ಕುತ್ತಿಗೆ ಮಟ್ಟ ಮುಳುಗಿ ಎದ್ದಿತ್ತು.

“ನಮ್ಮ ಹೊಳೆ ನೀರೇ ಅಲ್ವಾ ಅಣ್ಣ,” ಅಂದ ಜಯಣ್ಣ, ಪೆಚ್ಚುನಗೆ ನಗುತ್ತ. “ತೀರ್ಥ ಅಂದ್ಕೋ.”

“ಜಯಣ್ಣ!”

ಅವನ ನಗು ಇಳಿಯಿತು. “ದೇವರಾಣೆಗೂ ನನಗೂ ಗೊತ್ತಿರಲಿಲ್ಲ. ನಾನೂ ಆ ಕವರು ನೋಡೇ ಮರುಳಾಗಿ ತಗೊಂಡೆ. ನಿನ್ನ ಅಡ್ವಾನ್ಸ್ ಶನಿವಾರ ವಾಪಸ್ ಕೊಡ್ತೀನಿ. ಆದರೆ ಬಿಚ್ಚಿದ್ದು ಹೊಲಿದುಕೊಡು. ಮಾತು ಕೊಟ್ಟಿದೀಯ.”

ಕೊಟ್ಟ ಮಾತು. ಏಕನಾಥ ಸೂಜಿಗೆ ನೂಲು ಪೋಣಿಸಿ ಕೂತ. ಹಳೇ ಹೊಲಿಗೆಯಲ್ಲಿ ಬೇರೆ ನೂಲು ಕಾಣುತ್ತಿತ್ತಲ್ಲ, ಅದೂ ಕಾಣದ ಹಾಗೆ, ಕವರಿನ ಬಣ್ಣದ್ದೇ ನೂಲು ಹುಡುಕಿ, ಕಣ್ಣಿಗೂ ಕೈಗೂ ಸಿಗದ ಹಾಗೆ ಹೊಲಿದ. ಅವನಿಗೆ ಬೇರೆ ಥರ ಹೊಲಿಯೋಕೆ ಬರುತ್ತಲೂ ಇರಲಿಲ್ಲ.

ನೇರ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ಬಿದ್ದ.

“ನನ್ನ ಮಕ್ಕಳನ್ನ ಉಳಿಸಿದಿರಿ ಗುರುಗಳೇ!”

ನಡೆದದ್ದೆಲ್ಲ ಹೇಳಿದ. ಗುರುಗಳು ಕೇಳಿದರು.

“ಹೊಲಿದ ಮೇಲೆ ಹೇಗಿದೆ ಈಗ?”

“ಯಾರಿಗೂ ಗೊತ್ತಾಗಲ್ಲ ಗುರುಗಳೇ. ನನಗೇ ಗೊತ್ತಾಗಲ್ಲ.” ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಎದ್ದರು. ಗೋಡೆಗೆ ಒರಗಿಸಿದ್ದ ಊರುಗೋಲು ತಗೊಂಡರು. ಬರಿಗಾಲಲ್ಲಿ ಅಂಗಳ ದಾಟಿ ರಸ್ತೆಗೆ ಇಳಿದರು. ಬಿಸಿಲು ಸುರಿಯುತ್ತಿತ್ತು.

ಏಕನಾಥ ಓಡೋಡಿ ಹಿಂದೆ ಬಂದ. “ಎಲ್ಲಿಗೆ ಗುರುಗಳೇ, ಈ ಬಿಸಿಲಲ್ಲಿ?”

“ಬೈಪಾಸಿಗೆ.”

“ಆರು ಮೈಲಿ ಆಗುತ್ತೆ! ಯಾಕೆ?”

“ಆ ಸೀಟಿನ ಮೇಲೆ ಕೂರಕ್ಕೆ ಯಾವುದೋ ಮಗು ಬರುತ್ತಲ್ಲಪ್ಪ. ಯಾರಾದರೂ ಒಬ್ಬರು ಹೇಳಬೇಕಲ್ಲ.”

ಗುರುಗಳು ಇನ್ನೂ ನಾಲ್ಕು ಹೆಜ್ಜೆ ಹಾಕಿ ನಿಂತರು.

“ನಿನಗೆ ಎಷ್ಟು ಮಕ್ಕಳು?”

“ಮೂರು, ಗುರುಗಳೇ.”

“ಸರಿಯಾಗಿ ಎಣಿಸಿದೀಯಾ?”

ಏಕನಾಥ ಬಗ್ಗಿ ಗುರುಗಳ ಕೈಯಿಂದ ಕೋಲು ತಗೊಂಡು, ಅವರನ್ನು ಹೊಂಗೆ ಮರದ ನೆರಳಿಗೆ ಕರೆತಂದು ಕೂರಿಸಿದ. ಬೈಕು ಹತ್ತಿದ.

ಅವನು ಬೈಪಾಸು ಮುಟ್ಟುವಾಗ ಕೆಂಪು ಕಾರಿನ ಸುತ್ತ ಒಂದು ಸಂಸಾರ ನಿಂತಿತ್ತು. ಗಂಡ, ಹೆಂಡತಿ, ಹೆಂಡತಿಯ ಸೊಂಟದ ಮೇಲೊಂದು ಮಗು. ಗಂಡ ಸ್ಟೀರಿಂಗ್ ಹಿಡಿದು ಕೂತಿದ್ದ. ಆ ತಾಯಿ ಕವರಿನ ಮೇಲೆ ಕೈಯಾಡಿಸಿ, “ಎಷ್ಟು ಚೆನ್ನಾಗಿ ಹೊಲಿದಿದ್ದಾರೆ ರೀ,” ಅನ್ನುತ್ತಿದ್ದಳು.

ಏಕನಾಥನನ್ನು ನೋಡಿ ಜಯಣ್ಣ ಕಣ್ಣಲ್ಲೇ ಬೇಡಿಕೊಂಡ. ಹತ್ತಿರ ಬಂದು ತೋಳು ಹಿಡಿದು ಪಿಸುಗುಟ್ಟಿದ: “ಬೇಡ ಅಣ್ಣ. ನನ್ನ ಮನೇಲೂ ಉಣ್ಣೋ ಬಾಯಿ ಇದಾವೆ. ಬಾಯಿ ಬಿಟ್ಟೆಯೋ, ನಿನ್ನ ಅಡ್ವಾನ್ಸ್ ಮರೆತುಬಿಡು.”

ಆ ದುಡ್ಡು ಹೋದರೆ ಈ ವರ್ಷ ಗಾಡಿಯಿಲ್ಲ. ಗಾಡಿ ಇಲ್ಲದಿದ್ದರೆ ಮುಕ್ತಾ ಬಾಗಿಲಲ್ಲಿ ನಿಂತು ಟಾಟಾ ಮಾಡುತ್ತಲೇ ಇರುತ್ತಾಳೆ. ಏಕನಾಥನ ಕಣ್ಣ ಮುಂದೆ ಆ ಪುಟ್ಟ ಕೈ ಬಂದು ನಿಂತಿತು.

ಸೊಂಟದ ಮೇಲಿದ್ದ ಮಗು ಅವನನ್ನು ನೋಡಿ ಬೆರಳು ಚೀಪುವುದನ್ನು ಬಿಟ್ಟಿತು.

“ತಂಗೀ,” ಅಂದ ಏಕನಾಥ, “ಆ ಹೊಲಿಗೆ ನನ್ನದು. ಸ್ವಲ್ಪ ಆಚೆ ಸರಿಯಮ್ಮ.”

ಕತ್ತರಿ ತೆಗೆದು ತಾನು ಹೊಲಿದದ್ದನ್ನು ತಾನೇ ಬಿಚ್ಚಿದ. ಹೊಲಿಯಲು ಅರ್ಧ ಗಂಟೆ ಹಿಡಿದದ್ದು ಬಿಚ್ಚಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಮಣ್ಣು ಉದುರಿತು.

ಆ ತಾಯಿ ಮಗುವನ್ನು ಎದೆಗೆ ಒತ್ತಿಕೊಂಡಳು. ಗಂಡ ಕಾರಿನಿಂದ ಇಳಿದು ಏಕನಾಥನಿಗೆ ಕೈ ಮುಗಿದ. ಜಯಣ್ಣನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಜಯಣ್ಣ ಕುಣಿದಾಡಿಬಿಟ್ಟ. “ಬಂದುಬಿಟ್ಟ ಹರಿಶ್ಚಂದ್ರನ ಮೊಮ್ಮಗ! ಹೊಲಿಯೋನೂ ನೀನೇ, ಬಿಚ್ಚೋನೂ ನೀನೇ! ಒಂದು ಪೈಸೆ ಕೊಡಲ್ಲ, ಏನು ಮಾಡ್ಕೋತೀಯೋ ಮಾಡ್ಕೋ!”

“ಬೈದುಬಿಡು ಜಯಣ್ಣ. ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೀನಿ, ಬೆಳಿಗ್ಗೆ ಅದನ್ನ ಮುಚ್ಚಿ ಹೊಲಿದು.”

ಬೈದ. ಬೈದು ಬೈದು ಸುಸ್ತಾಗಿ ಒಂದು ಹಳೇ ಟೈರಿನ ಮೇಲೆ ಕುಕ್ಕರಿಸಿದ. ಏಕನಾಥನೂ ಪಕ್ಕದ ಟೈರಿನ ಮೇಲೆ ಕೂತ. ಇಬ್ಬರೂ ಆ ಕೆಂಪು ಕಾರನ್ನೇ ನೋಡುತ್ತ ಕೂತರು.

ಏಕನಾಥ ಕೈ ತೋರಿಸಿ ಕೇಳಿದ, “ಆ ಮೂಲೆಯದು ಏನು?”

ಮೂಲೆಯಲ್ಲಿ ಒಂದು ಬೂದು ಬಣ್ಣದ ವ್ಯಾನು. ಸೀಟೆಲ್ಲ ಹರಿದು ಸ್ಪಂಜು ಹೊರಗೆ ಬಂದಿತ್ತು.

“ಅದಾ? ಒಬ್ಬ ನರ್ಸಮ್ಮನದು. ವರ್ಷದಿಂದ ನಿಂತಿದೆ. ಮುಖ ನೋಡಿ ಯಾರೂ ಹತ್ತಿರ ಹೋಗಲ್ಲ.”

ಏಕನಾಥ ಹೋಗಿ ಹಿಂದೆ ಕೂತ, ಕುಗ್ಗಿ. ಬೆಲ್ಟು ಎಳೆದ. ಟಕ್ ಅಂತು. ಇನ್ನೊಂದು, ಟಕ್. ಮತ್ತೊಂದು, ಟಕ್. ಹರಿದ ಕಡೆಯೆಲ್ಲ ಕೈ ಹಾಕಿ ಮೂಸಿ ನೋಡಿದ. ಒಣಗಿತ್ತು. ತಲೆ ಎತ್ತಿದ. ಕಿಟಕಿ ತಗ್ಗಿನಲ್ಲಿತ್ತು, ಮಗುವಿನ ಕಣ್ಣಿಗೂ ಹೊರಗಿನ ಆಕಾಶ ಕಾಣುತ್ತಿತ್ತು.

ಸಂಜೆ ಮೆಕ್ಯಾನಿಕ್ಕನನ್ನು ಕರೆತಂದು ಎಂಜಿನ್ನು, ಬ್ರೇಕು, ಅಡಿಭಾಗ ಎಲ್ಲ ನೋಡಿಸಿದ. ಅವನು, “ರೂಪ ಇಲ್ಲ, ಆದರೆ ಗಟ್ಟಿ ಜೀವ,” ಅಂದ.

“ಜಯಣ್ಣ, ನನ್ನ ಅಡ್ವಾನ್ಸು ಇದಕ್ಕೆ ಹಾಕ್ಕೋತೀಯಾ?”

“ಹಾಕ್ಕೋತೀನಿ ಮಾರಾಯ. ತಗೊಂಡು ಹೋಗು. ನಿನ್ನ ಕತ್ತರಿ ನನ್ನ ಅಂಗಡಿಯಿಂದ ಹೊರಗೆ ಹೋದರೆ ಸಾಕು.”

ಭಾನುವಾರ ಬೆಳಿಗ್ಗೆ ವ್ಯಾನು ಮನೆ ಮುಂದೆ ನಿಂತಿತು. ಮುಕ್ತಾ ಬಾಗಿಲಿಗೆ ಬಂದಳು. ಅಭ್ಯಾಸಬಲ ನೋಡಿ, “ನನಗೆ ಓದೋದಿದೆ ಅಪ್ಪಾ,” ಅಂದಳು.

ಏಕನಾಥ ವ್ಯಾನಿನ ಬಾಗಿಲು ಎಳೆದ.

ಅವಳು ಹತ್ತಿದಳು. ಪಕ್ಕದಲ್ಲಿ ಸೋಪಾನನನ್ನು ಕೂರಿಸಿಕೊಂಡಳು. ಮೂರನೇ ಸೀಟಿಗೆ ರುಕ್ಮಿಣಿ ಜನಿಯನ್ನೆತ್ತಿಕೊಂಡು ಕೂತಳು. ಮುಕ್ತಾ ಮುಂದೆ ನೋಡಿದಳು, ಹಿಂದೆ ನೋಡಿದಳು.

“ಅಪ್ಪಾ! ಇನ್ನೂ ಜಾಗ ಉಳಿದಿದೆ!”

ಆಶ್ರಮದಲ್ಲಿ ಗುರುಗಳು ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಹರಿದ ಸೀಟಿನ ಮೇಲೆ ಕೈಯಿಟ್ಟರು.

“ಇವತ್ತೇ ಹೊಲಿದುಬಿಡ್ತೀನಿ ಗುರುಗಳೇ.”

“ಯಾಕವಸರ? ಒಳಗೇನಿದೆ ಅಂತ ನಾಲ್ಕು ದಿನ ಎಲ್ಲರಿಗೂ ಕಾಣಲಿ.”

ಆವತ್ತು ಭಜನೆ ಮಧ್ಯಾಹ್ನದವರೆಗೂ ನಡೆಯಿತು.

ಆಮೇಲೆ ಯಾರು ಏನಾದರು ಅಂತೀರಾ? ಹೇಳ್ತೀನಿ, ಕೇಳಿ.

ಕೆಂಪು ಕಾರು ಗುಜರಿಗೆ ಹೋಯಿತು. ಜಯಣ್ಣ ಎರಡು ತಿಂಗಳು ಏಕನಾಥನ ಮೇಲೆ ಹಲ್ಲು ಕಡಿದ. ಆಮೇಲೆ, ಸೊಂಟದ ಮೇಲೆ ಮಗು ಎತ್ತಿಕೊಂಡಿದ್ದಳಲ್ಲ, ಆ ತಾಯಿಯೇ ಒಂದು ದಿನ ತಿರುಗಿ ಬಂದು, “ಆ ದರ್ಜಿ ಅಣ್ಣ ನೋಡಿ ಸರಿ ಅಂದ ಗಾಡಿ ಯಾವುದಾದರೂ ಇದ್ರೆ ಕೊಡಿ,” ಅಂದಳಂತೆ. ಅವತ್ತಿನಿಂದ ಜಯಣ್ಣ ಪ್ರತಿ ಗಾಡಿಗೂ ಏಕನಾಥನನ್ನು ಕರೆಸಿ, ಕವರು ಬಿಚ್ಚಿಸಿ ತೋರಿಸಿಯೇ ಮಾರಿದ. ವ್ಯಾಪಾರವೇನೂ ಕಡಿಮೆಯಾಗಲಿಲ್ಲ.

ಬೂದು ವ್ಯಾನು ಹನ್ನೊಂದು ವರ್ಷ ಓಡಿತು. ಉಳಿದ ಜಾಗದಲ್ಲಿ ಬೀದಿಯ ಮಕ್ಕಳೆಲ್ಲ ಹತ್ತಿ ಭಜನೆಗೆ ಬಂದರು. ಹೊರಡಿಸೋ ಮುಂಚೆ ಏಕನಾಥ ಪ್ರತಿ ಸಲ ಹಿಂದಕ್ಕೆ ತಿರುಗಿ, ಎಲ್ಲರೂ ಸರಿಯಾಗಿ ಕೂತರಾ ಅಂತ ನೋಡುತ್ತಿದ್ದ. ಸೋಪಾನ ಅಪ್ಪನ ಅಂಗಡಿ ಹಿಡಿದ, ಕೊನೆಗೂ ಹೊಸ ಮಿಷನ್ನು ಬಂತು. ಜನಿ ಊರಿನ ಶಾಲೆಯಲ್ಲೇ ಟೀಚರಾದಳು. ಮುಕ್ತಾ ಬಸ್ಸಿನಲ್ಲಿ ಕಂಡಕ್ಟರು. ಕೂಸು ಎತ್ತಿಕೊಂಡು ಬಂದ ತಾಯಿಗೆ ಸೀಟು ಕೊಡಿಸದೆ ಅವಳು ಸೀಟಿ ಊದಲ್ಲ. ರುಕ್ಮಿಣಿ ಈಗಲೂ ಇದಾಳೆ, ಮಂಡಿನೋವು ಒಂದು ಬಿಟ್ಟರೆ ಚೆನ್ನಾಗಿದಾಳೆ.

ಕೇಶವಯ್ಯ ಗುರುಗಳು ತೊಂಬತ್ತನೇ ವಯಸ್ಸಿನಲ್ಲಿ ಹೊಳೆ ದಂಡೆಯಲ್ಲೇ ಮಣ್ಣಾದರು. ಅದಕ್ಕೆ ಒಂದು ವಾರ ಮುಂಚೆ ಏಕನಾಥ ಅವರ ಕಾಲು ಒತ್ತುತ್ತ ಕೂತಿದ್ದ.

“ಇಷ್ಟು ವರ್ಷ ನಿಮ್ಮ ಹತ್ತಿರ ಇದ್ದೆ ಗುರುಗಳೇ. ಒಂದು ಮಂತ್ರ ಕಲೀಲಿಲ್ಲ. ಧ್ಯಾನಕ್ಕೆ ಕೂತರೆ ತೂಕಡಿಸಿದೆ. ಬರಿಗೈಲೇ ಉಳಿದುಬಿಟ್ಟೆ.”

ಗುರುಗಳು ಕಣ್ಣು ತೆರೆದರು.

“ಗಾಡಿ ಹೊರಡಿಸೋ ಮುಂಚೆ ಒಂದು ಸಲ ಹಿಂದಕ್ಕೆ ತಿರುಗಿ ನೋಡ್ತೀಯಲ್ಲ ತಮ್ಮಾ, ಅದಕ್ಕೆ ಏನಂತಾರೆ?”